ಬೆತ್ತ ಕೆಳಗಿಟ್ಟ ಮೇಲೆ

ಕನ್ನಡ ಶಾಲೆಯಲ್ಲಿ ಓದಿದ ಯಾರನ್ನಾದರೂ ಕೇಳಿ, ಕರಿಹಲಗೆಯ ಮೂಲೆಯ ಆ ಪಟ್ಟಿ ನೆನಪಿರುತ್ತದೆ. ಮೇಷ್ಟ್ರು ಬಿಸಿಯೂಟದ ಲೆಕ್ಕ ಬರೆಯಲೋ, ಫೋನು ಬಂತೆಂದೋ ಆಚೆ ಹೋಗುತ್ತಾರೆ. ಕ್ಲಾಸ್ ಲೀಡರ್ ಎದ್ದು ಬಂದು ಸೀಮೆಸುಣ್ಣ ಹಿಡಿಯುತ್ತಾನೆ. 'ಮಾತಾಡಿದವರು' ಎಂದು ಬರೆದು ಅಡಿಗೆರೆ ಎಳೆಯುತ್ತಾನೆ. ಕೆಳಗೆ ಒಂದೊಂದೇ ಹೆಸರು. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಇಂಟು ಎರಡು, ಇಂಟು ಮೂರು. ಲೀಡರನ ಪಕ್ಕದಲ್ಲಿ ಕೂರುವ ಗೆಳೆಯ ಎಷ್ಟು ಹರಟಿದರೂ ಅವನ ಹೆಸರು ಹಲಗೆ ಏರುವುದಿಲ್ಲ. ನಿನ್ನೆ ಜಗಳವಾಡಿದವಳ ಹೆಸರು ಅವಳು ಬಾಯಿ ತೆರೆಯುವ ಮೊದಲೇ ಏರಿರುತ್ತದೆ. ಯಾರಾದರೂ ರಬ್ಬರ್ ತುಂಡೋ ಹುಣಸೆಹಣ್ಣೋ ಕೊಟ್ಟರೆ ಹೆಸರು ಅಳಿಸಿಯೂ ಹೋಗುತ್ತದೆ. ಮೇಷ್ಟ್ರು ವಾಪಸು ಬಂದು ಪಟ್ಟಿ ನೋಡುತ್ತಾರೆ. ಏನು, ಎತ್ತ ಎಂದು ಕೇಳದೆ ಅಷ್ಟೂ ಮಂದಿಯನ್ನು ಎದ್ದು ನಿಲ್ಲಿಸುತ್ತಾರೆ.

ಎಂಟೊಂಬತ್ತು ವರ್ಷದ ಮಗುವಿಗೆ ಅಧಿಕಾರ, ಚಾಡಿ, ಲಂಚ, ವಿಚಾರಣೆಯಿಲ್ಲದ ತೀರ್ಪು ಇವಿಷ್ಟನ್ನೂ ಒಂದೇ ಪೀರಿಯಡ್ಡಿನಲ್ಲಿ ಕಲಿಸಿಕೊಡುವ ಏರ್ಪಾಡು ಇದು. ಇಲ್ಲಿ ಯಾರೂ ಯಾರನ್ನೂ ಹೊಡೆದಿಲ್ಲ, ಬೈದಿಲ್ಲ, ಯಾವ ಕಾನೂನನ್ನೂ ಎದ್ದುಕಾಣುವಂತೆ ಮುರಿದಿಲ್ಲ. ಆದರೂ ಆ ಕೋಣೆಯಲ್ಲಿ ಮಕ್ಕಳು ಒಬ್ಬರನ್ನೊಬ್ಬರು ನಂಬುವುದು ಇನ್ನು ಕಷ್ಟ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ನಡವಳಿಕೆಯ ಮಾತು ಬಂದಾಗಲೆಲ್ಲ ಚರ್ಚೆ ಹೊಡೆಯಬೇಕೇ ಬೇಡವೇ ಎಂಬಲ್ಲಿಗೆ ಬಂದು ನಿಂತುಬಿಡುತ್ತದೆ. ತಪ್ಪು ನಡೆದ ಮೇಲೆ ಏನು ಮಾಡಬೇಕು ಎಂಬುದರ ಬಗ್ಗೆಯೇ ಇಷ್ಟು ಮಾತಾಡುವ ನಾವು, ತಪ್ಪಿಗೆ ಮುಂಚಿನ ಇಡೀ ದಿನವನ್ನು ಹೇಗೆ ಕಟ್ಟಿದ್ದೇವೆ ಎಂದು ನೋಡುವುದೇ ಇಲ್ಲ. ಮಕ್ಕಳು ಪರಸ್ಪರ ಅಕ್ಕರೆಯಿಂದ ಇರುವ ಶಾಲೆ ಬೇಕಾದರೆ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ ಎಂಬುದು ನನ್ನ ವಾದ.

ಕಾನೂನಿನ ಮಟ್ಟಿಗೆ ಹೊಡೆತದ ವಿಷಯ ಇತ್ಯರ್ಥವಾಗಿ ಬಹಳ ಕಾಲವಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೇ ನಿಷೇಧಿಸಿದೆ. 29ನೇ ಸೆಕ್ಷನ್ ಇನ್ನೂ ಮುಂದೆ ಹೋಗಿ, ಮಗು ಭಯ ಆತಂಕಗಳಿಲ್ಲದೆ ಮನಸ್ಸಿನಲ್ಲಿರುವುದನ್ನು ಹೇಳುವಂತಿರಬೇಕು ಎಂದು ಪಠ್ಯಕ್ರಮಕ್ಕೇ ಷರತ್ತು ಹಾಕುತ್ತದೆ. ಕಾಯ್ದೆ ಜಾರಿಗೆ ಬರುತ್ತಿದ್ದ 2009-10ರ ಶಾಲಾ ವರ್ಷದಲ್ಲೇ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಏಳು ರಾಜ್ಯಗಳ 6,632 ಮಕ್ಕಳನ್ನು ಮಾತಾಡಿಸಿತ್ತು. ತನಗೆ ಯಾವ ಬಗೆಯ ಶಿಕ್ಷೆಯೂ ಆಗಿಲ್ಲ ಎಂದವರು ಅವರಲ್ಲಿ 9 ಮಂದಿ ಮಾತ್ರ.

ಈಗ ಬೆತ್ತ ಕಡಿಮೆಯಾಗಿದೆ, ನಿಜ. ಕೋದಂಡ, ಗೋಡೆ ಕುರ್ಚಿ, ಬಿಸಿಲಿನಲ್ಲಿ ಮೊಣಕಾಲೂರುವುದು ಇವೆಲ್ಲ ಹಿರಿಯರ ನೆನಪಿನ ಕತೆಗಳಾಗುತ್ತಿವೆ. ಅವುಗಳ ಜಾಗಕ್ಕೆ ಬಂದದ್ದೇನು? 'ನಿನ್ನ ತಲೆಗೆ ಹತ್ತಲ್ಲ ಬಿಡು', 'ನಾಳೆ ಅಪ್ಪನ್ನ ಕರ್ಕೊಂಡು ಬಾ', 'ಟಿ.ಸಿ. ಕೊಟ್ಟು ಕಳಿಸ್ತೀನಿ', ಬಾಗಿಲಾಚೆ ನಿಲ್ಲಿಸುವುದು, ನೂರು ಸಲ ಬರೆಸುವುದು, ಪಿ.ಟಿ. ಪೀರಿಯಡ್ಡಿಗೆ ಕತ್ತರಿ. ಸ್ಟಾಫ್ ರೂಮಿನಲ್ಲಿ ಸಾಮಾನ್ಯವಾಗಿ ಕೇಳುವ ಮಾತು ಇದು: 'ಹೊಡೆಯೋ ಹಾಗಿಲ್ಲ, ಬೈಯೋ ಹಾಗಿಲ್ಲ, ನಮ್ಮ ಕೈ ಕಟ್ಟಿಹಾಕಿ ಮಕ್ಕಳನ್ನ ಹದ್ದುಬಸ್ತಿನಲ್ಲಿಡಿ ಅಂದ್ರೆ ಹೇಗೆ?' ಇದನ್ನು ಬೆತ್ತದ ಚಪಲ ಎಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಯಾವುದನ್ನು ಮಾಡಬಾರದು ಎಂದು ಕಾಯ್ದೆ ಹೇಳಿತು. ಅದರ ಬದಲು ಏನು ಮಾಡಬೇಕು ಎಂಬುದನ್ನು ಕೈಹಿಡಿದು ಕಲಿಸುವ ಕೆಲಸ ಬಹುಮಟ್ಟಿಗೆ ಸುತ್ತೋಲೆಗಳಲ್ಲೇ ಉಳಿಯಿತು. ತಮ್ಮ ಮೇಷ್ಟ್ರಿಂದ ಪೆಟ್ಟು ತಿಂದೇ ಮೇಷ್ಟ್ರಾದವರಿಗೆ ಬೇರೆ ದಾರಿ ತಾನಾಗಿ ಹೊಳೆಯಲಿ ಎಂದು ಕಾಯುವುದು ಆಡಳಿತದ ಸೋಮಾರಿತನ.

ಬೇರೆ ದಾರಿ ಇಲ್ಲದೇ ಇಲ್ಲ. ಜೇಕಬ್ ಕೌನಿನ್ ಎಂಬ ಅಮೆರಿಕದ ಮನೋವಿಜ್ಞಾನಿ ಶಾಲಾ ತರಗತಿಗಳನ್ನು ವಿಡಿಯೋದಲ್ಲಿ ಸೆರೆಹಿಡಿದು ನೋಡಿ, 1970ರಲ್ಲಿ ಒಂದು ಪುಸ್ತಕ ಬರೆದ. ಮಕ್ಕಳು ತಪ್ಪು ಮಾಡಿದಾಗ ಒಳ್ಳೆಯ ಶಿಕ್ಷಕರು ಹೇಗೆ ಗದರುತ್ತಾರೆ, ಹೇಗೆ ತಡೆಯುತ್ತಾರೆ ಎಂದು ತಿಳಿಯುವುದು ಅವನ ಉದ್ದೇಶ. ಸುಸೂತ್ರವಾಗಿ ನಡೆಯುವ ತರಗತಿಗೂ ಗಲಾಟೆಯ ತರಗತಿಗೂ ಈ ಗದರುವ ವಿಧಾನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಅವನಿಗೆ ಸಿಗಲಿಲ್ಲ. ವ್ಯತ್ಯಾಸವೆಲ್ಲ ಇದ್ದದ್ದು ಗದರುವ ಪ್ರಸಂಗ ಬರುವುದಕ್ಕೆ ಮೊದಲು. ಕೋಣೆಯಲ್ಲಿ ಎಲ್ಲಿ ಏನು ನಡೆಯುತ್ತಿದೆ ಎಂಬುದು ಶಿಕ್ಷಕರಿಗೆ ಗೊತ್ತು, ಅವರಿಗೆ ಗೊತ್ತೆಂಬುದು ಮಕ್ಕಳಿಗೂ ಗೊತ್ತು. ಒಂದು ಕೆಲಸ ಮುಗಿದು ಇನ್ನೊಂದಕ್ಕೆ ಹೋಗುವಾಗ ನಡುವೆ ಖಾಲಿ ಹೊತ್ತು ಬೀಳುವುದಿಲ್ಲ. ಒಬ್ಬ ಓದುತ್ತಿದ್ದರೆ ಉಳಿದವರ ಕೈಗೂ ಏನಾದರೂ ಕೆಲಸವಿರುತ್ತದೆ. ನಮ್ಮ ಹಳೆಯ ಮೇಷ್ಟ್ರುಗಳಲ್ಲಿ ಕೆಲವರು ಹಲಗೆಗೆ ಮುಖ ಮಾಡಿ ಬರೆಯುತ್ತಲೇ 'ಏಯ್, ಕೊನೇ ಬೆಂಚು' ಎನ್ನುತ್ತಿದ್ದರಲ್ಲ, ಆ ಬೆನ್ನಿನ ಕಣ್ಣನ್ನೇ ಕೌನಿನ್ ಅಳೆದು ನೋಡಿದ್ದು.

ಈ ಪಾಠ ಕಲಿಯಲು ನಾವು ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. 1995ರಲ್ಲಿ ಯುನಿಸೆಫ್ ನೆರವಿನಿಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 'ನಲಿ-ಕಲಿ' ಶುರುವಾಯಿತು. ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕೂತು ಕಟ್ಟಿದ ಪದ್ಧತಿ ಅದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂತು. ನಲಿ-ಕಲಿಯನ್ನು ಎಲ್ಲರೂ ಅಕ್ಷರ ಕಲಿಸುವ ವಿಧಾನವೆಂದು ಹೊಗಳುತ್ತಾರೆ, ಇಲ್ಲವೇ ತೆಗಳುತ್ತಾರೆ. ನನಗೆ ಅದು ಹೆಚ್ಚಾಗಿ ಕಾಣುವುದು ನಡವಳಿಕೆಯ ಪಾಠವಾಗಿ.

ಚೆನ್ನಾಗಿ ನಡೆಯುತ್ತಿರುವ ನಲಿ-ಕಲಿ ಕೋಣೆಯೊಳಗೆ ಹೋಗಿ ನೋಡಿ. ಮೇಷ್ಟ್ರ ಕುರ್ಚಿಗೆ ಅಲ್ಲಿ ಕೆಲಸವಿಲ್ಲ, ಅವರೂ ಮಕ್ಕಳ ಜೊತೆ ನೆಲದ ಮೇಲೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವಂತೆ ಬರೆಯುವ ಹಲಗೆ. ಮೇಲೆ ಹಗ್ಗದ ಚಪ್ಪರ, ಅದರಲ್ಲಿ ಮಕ್ಕಳೇ ಮಾಡಿದ ಚಿತ್ರ, ಕಾಗದದ ಹೂವು. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ಎಷ್ಟನೇ ಮೆಟ್ಟಿಲಲ್ಲಿದ್ದೇನೆ ಎಂದು ಮಗುವಿಗೆ ಗೊತ್ತು. ಕಾರ್ಡು ಎತ್ತಿಕೊಂಡು ಅದರ ಮೇಲಿನ ಚಿತ್ರ ನೋಡಿದರೆ ಯಾವ ಗುಂಪಿಗೆ ಹೋಗಿ ಕೂರಬೇಕೆಂದೂ ಗೊತ್ತು. ಒಂದು ಗುಂಪಿಗೆ ಮೇಷ್ಟ್ರ ಪೂರ್ಣ ನೆರವು, ಇನ್ನೊಂದಕ್ಕೆ ಸ್ವಲ್ಪ, ಮತ್ತೊಂದಕ್ಕೆ ಜೊತೆಯ ಮಕ್ಕಳದೇ ನೆರವು, ಕೊನೆಯದರಲ್ಲಿ ತಾನೇ ಕಲಿಯುವುದು. ಮೂರನೇ ತರಗತಿಯ ಹುಡುಗಿ ಒಂದನೆಯವನ ಬೆರಳು ಹಿಡಿದು 'ಗ' ತಿದ್ದಿಸುತ್ತಿರುತ್ತಾಳೆ. ಇಲ್ಲಿ ಮಾತು ಅಪರಾಧವಲ್ಲ, ಮಾತಾಡದೆ ಕೆಲಸ ಸಾಗುವುದೇ ಇಲ್ಲ. ಮಾತಾಡಿದವರ ಪಟ್ಟಿ ಬರೆಯುವುದಾದರೆ ಹಾಜರಿ ಪುಸ್ತಕವನ್ನೇ ನಕಲು ಮಾಡಬೇಕಾದೀತು. ಓಡಾಡಿದರೆ ತಪ್ಪಲ್ಲ, ಕಾರ್ಡು ತರಲು ಓಡಾಡಲೇಬೇಕು. ಬೇರೆ ಕೋಣೆಯಲ್ಲಿ ತಪ್ಪೆನಿಸುವುದರಲ್ಲಿ ಅರ್ಧಕ್ಕರ್ಧ ಇಲ್ಲಿ ತಪ್ಪೇ ಅಲ್ಲವಾಗುತ್ತದೆ. ಮಕ್ಕಳು ಒಳ್ಳೆಯವರಾದದ್ದು ಯಾರ ಉಪದೇಶದಿಂದಲೂ ಅಲ್ಲ, ಕೋಣೆಯ ಜೋಡಣೆಯಿಂದ.

ಇದನ್ನು ಹೇಳುವಾಗ ಇನ್ನೊಂದು ಮುಖವನ್ನೂ ಹೇಳಬೇಕು. ಕಾರ್ಡುಗಳು ಹರಿದು ಹೋಗಿ, ಮೂರು ತರಗತಿಗೂ ಸೇರಿ ಒಬ್ಬರೇ ಶಿಕ್ಷಕರಿದ್ದು, ಆ ಒಬ್ಬರೂ ವಾರಕ್ಕೆರಡು ದಿನ ಮೀಟಿಂಗಿಗೆ ಹೋದರೆ ನಲಿ-ಕಲಿ ಕೋಣೆಯಷ್ಟು ಗದ್ದಲದ ಜಾಗ ಇನ್ನೊಂದಿಲ್ಲ. ಜೊತೆಗೆ, ಮೂರನೆಯದು ಮುಗಿಸಿ ನಾಲ್ಕಕ್ಕೆ ಬಂದ ಮಗು ಬಹುಪಾಲು ಕಡೆ ಸಾಲು ಡೆಸ್ಕಿಗೆ, ಕೈ ಕಟ್ಟಿ ಬಾಯಿ ಮುಚ್ಚುವ ಪಾಠಕ್ಕೆ ವಾಪಸಾಗುತ್ತದೆ. ಮೂರು ವರ್ಷ ಗುಂಪಿನಲ್ಲಿ ಕಲಿತ ಮಗುವನ್ನು ನಾಲ್ಕನೇ ವರ್ಷ ಮಾತಾಡಿದ್ದಕ್ಕೆ ಎದ್ದು ನಿಲ್ಲಿಸಿದರೆ ಅದು ಯಾವುದನ್ನು ನಂಬಬೇಕು?

ಬೆತ್ತದ ಜಾಗಕ್ಕೆ ಬಹುಮಾನ ತಂದು ಕೂರಿಸುವುದು ಪಟ್ಟಣದ ಖಾಸಗಿ ಶಾಲೆಗಳ ದಾರಿ. ಒಳ್ಳೆಯ ನಡತೆಗೆ ಸ್ಟಾರ್, ಸ್ಟಿಕರ್, ಪಾಯಿಂಟು, ತಿಂಗಳ ಕೊನೆಗೆ 'ಬೆಸ್ಟ್ ಚೈಲ್ಡ್' ಫೋಟೋ. ಹೊಡೆತಕ್ಕಿಂತ ಇದು ಸಾವಿರ ಪಾಲು ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ 1973ರಲ್ಲಿ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಅವನ ಜೊತೆಗಾರರು ಪ್ರಕಟಿಸಿದ ಪ್ರಯೋಗವೊಂದನ್ನು ಇಲ್ಲಿ ನೆನೆಯಬೇಕು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ 'ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ' ಎಂದು ಮೊದಲೇ ಹೇಳಿ, ಹಾಗೆಯೇ ಕೊಟ್ಟರು. ಕೆಲವು ದಿನ ಬಿಟ್ಟು ನೋಡಿದರೆ, ಆಟದ ಹೊತ್ತಿನಲ್ಲಿ ಚಿತ್ರದ ಕಡೆ ಆ ಮಕ್ಕಳ ಒಲವು ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ಬಿದ್ದವನನ್ನು ಎತ್ತುವುದಕ್ಕೂ ಪಾಯಿಂಟು ಕೊಟ್ಟರೆ, ಟೀಚರ್ ನೋಡದಿದ್ದಾಗ ಎತ್ತುವವರು ಯಾರು? ಮೆಚ್ಚುಗೆ ಬೇಡವೆಂದಲ್ಲ. 'ಅವನ ನೋಟ್ಸು ಬರೆದುಕೊಟ್ಟೆಯಲ್ಲ, ಅವನಿಗೆ ಎಷ್ಟು ಹಗುರಾಯಿತು ನೋಡು' ಎನ್ನುವ ಮಾತು ಸ್ಟಿಕರಿಗಿಂತ ಹೆಚ್ಚು ದಿನ ಬಾಳುತ್ತದೆ.

ಇನ್ನು ಯಾರೂ ನಡವಳಿಕೆಯ ಪಾಠವೆಂದು ಗಮನಿಸದ ಜಾಗಗಳಿಗೆ ಬರೋಣ: ನಲ್ಲಿ, ಶೌಚಾಲಯ, ಊಟದ ಸಾಲು. ಸತಾರಾದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಬೇರೆಯಾಗಿ, ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು. ಜವಾನ ನಲ್ಲಿ ತಿರುಗಿಸಿದರೆ ಮಾತ್ರ ಅವರಿಗೆ ನೀರು, ಜವಾನ ಇಲ್ಲದ ದಿನ ನೀರಿಲ್ಲ. ಆ ಶಾಲೆಯಲ್ಲಿ ನೀತಿಬೋಧೆಗೆ ಕೊರತೆಯಿತ್ತು ಎಂದು ನನಗನ್ನಿಸುವುದಿಲ್ಲ. ನಲ್ಲಿಯ ಏರ್ಪಾಡೇ ಅಲ್ಲಿ ದೊಡ್ಡ ಪಾಠವಾಗಿತ್ತು, ಅದನ್ನು ಉಳಿದ ಮಕ್ಕಳೂ ಕಲಿತರು. ಹಳೆಯ ಕಾಲದ ಕತೆಯೆಂದು ಬಿಡೋಣವೇ? 2023ರ ಡಿಸೆಂಬರಿನಲ್ಲಿ ನಮ್ಮದೇ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದ್ದು ಬಯಲಾಯಿತು. ಅದೇ ವರ್ಷ ರಾಜ್ಯದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುವ ಕ್ರಮ ಶುರುವಾಗಿತ್ತು. ಬೆಳಿಗ್ಗೆ ಸಾಲಾಗಿ ನಿಂತು ಭ್ರಾತೃತ್ವ ಎಂದು ಓದಿದ ಮಗು, ಹನ್ನೊಂದು ಗಂಟೆಗೆ ಪೊರಕೆ ಯಾರ ಕೈಗೆ ಹೋಗುತ್ತದೆ ಎಂದು ನೋಡುತ್ತಿರುತ್ತದೆ.

ಅದಕ್ಕೇ ಪಾಳಿಪಟ್ಟಿಯಂಥ ಸಣ್ಣ ಕಾಗದಕ್ಕೆ ನಾನು ದೊಡ್ಡ ಬೆಲೆ ಕೊಡುತ್ತೇನೆ. ತರಗತಿಯ ಕಸ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಹಲಗೆ ಒರೆಸುವುದು, ಊಟ ಬಡಿಸುವುದು ಎಲ್ಲವೂ ಗಂಡು ಹೆಣ್ಣು, ಕೇರಿ ಓಣಿ ನೋಡದೆ ಸರದಿಯ ಮೇಲೆ ಎಲ್ಲರಿಗೂ ಬರಬೇಕು. ಶೌಚಾಲಯ ತೊಳೆಯುವ ಕೆಲಸ ಯಾವ ಮಗುವಿಗೂ ಬೇಡ, ಅದಕ್ಕೆ ದುಡ್ಡು ಕೊಟ್ಟು ಜನ ಇಡುವುದು ಸರ್ಕಾರದ ಕೆಲಸ. ಲೀಡರ್ ಗಿರಿಯೂ ಸರದಿಯ ಮೇಲೆ ಬರಲಿ, ಮೊದಲ ರ‍್ಯಾಂಕಿನವನ ಸ್ವತ್ತಾಗದಿರಲಿ. ಹಾಗೆಯೇ ಬಿಸಿಯೂಟದ ಸಾಲಿನಲ್ಲಿ ತಾಟು ಹಿಡಿದು ನಿಂತ ಮಕ್ಕಳ ಕಿವಿ ಬಹಳ ಚುರುಕು. ಅಡುಗೆಯವರನ್ನು ಹೆಡ್ಮಾಸ್ಟರು 'ಏಯ್, ಬಾರೇ ಇಲ್ಲಿ' ಎಂದು ಕರೆದರೆ, ಸಂಜೆಯೊಳಗೆ ಅದೇ ಧಾಟಿ ಆಟದ ಬಯಲಿನಲ್ಲಿ ಕೇಳುತ್ತದೆ. 'ಗೌರಮ್ಮನವರೇ, ಸಾರು ಚೆನ್ನಾಗಿದೆ' ಎಂದರೆ ಅದೂ ಕೇಳುತ್ತದೆ, ಆದರೆ ಸ್ವಲ್ಪ ನಿಧಾನವಾಗಿ.

ಏರ್ಪಾಡು ಎಷ್ಟೇ ಚೆನ್ನಾಗಿದ್ದರೂ ಮಕ್ಕಳು ಕದಿಯುತ್ತಾರೆ, ಕಚ್ಚುತ್ತಾರೆ, ಸುಳ್ಳು ಹೇಳುತ್ತಾರೆ. ಆಗ ಏನು ಮಾಡುವುದು? ನಾಲ್ಕನೇ ತರಗತಿಯಲ್ಲಿ ಒಬ್ಬಳ ಹೊಸ ಕಂಪಾಸ್ ಬಾಕ್ಸ್ ಕಾಣೆಯಾಗಿದೆ ಎನ್ನಿ. ನಮ್ಮ ವಾಡಿಕೆ ಏನು? ಎಲ್ಲರ ಚೀಲ ತೆಗೆಸಿ ನೆಲಕ್ಕೆ ಸುರಿಸುವುದು. ಒಬ್ಬನ ಚೀಲದಲ್ಲಿ ಸಿಗುತ್ತದೆ. ಇಡೀ ತರಗತಿ 'ಹೋ' ಎನ್ನುತ್ತದೆ. ಆ ಹೊತ್ತಿಗೆ ಅಂಟಿದ 'ಕಳ್ಳ' ಎಂಬ ಹೆಸರು ಏಳನೇ ತರಗತಿಯವರೆಗೂ ಅವನನ್ನು ಬಿಡುವುದಿಲ್ಲ. ಮುಂದೆ ಯಾರದು ಏನು ಕಳೆದರೂ ಮೊದಲು ಸುರಿಯುವುದು ಅವನ ಚೀಲವನ್ನೇ. ಹೇಗೂ ಕಳ್ಳನೆಂದಾಯಿತಲ್ಲ, ಇನ್ನು ಕದಿಯದಿರಲು ಅವನಿಗೆ ಕಾರಣವೂ ಉಳಿಯುವುದಿಲ್ಲ.

ಬೇರೆ ರೀತಿ ನಡೆಸುವ ಟೀಚರುಗಳಿದ್ದಾರೆ. 'ಬಾಕ್ಸು ಯಾರದೋ ಚೀಲ ಸೇರಿರಬಹುದು, ಊಟದ ಬೆಲ್ಲಿನೊಳಗೆ ನನ್ನ ಮೇಜಿನ ಮೇಲೆ ಬಂದಿರಲಿ' ಎಂದು ಹೇಳಿ ಕೋಣೆಯಿಂದ ಹೊರಗೆ ನಡೆಯುತ್ತಾರೆ. ಹೆಚ್ಚಿನ ಸಲ ಬಾಕ್ಸು ಬರುತ್ತದೆ. ತರಗತಿಯ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಹುಡುಗನ ಮಟ್ಟಿಗೆ ಮುಗಿದಿಲ್ಲ. ಯಾರೆಂದು ಗೊತ್ತಾದ ಮೇಲೆ ಒಬ್ಬನನ್ನೇ ಕೂರಿಸಿಕೊಂಡು ಕೇಳಬೇಕು: ಏನಾಯಿತು? ಅವಳಿಗೆ ಹೇಗೆ ಅನ್ನಿಸಿರಬಹುದು? ಈಗ ನೀನೇನು ಮಾಡಿದರೆ ಸರಿಹೋದೀತು? ಮೂರನೆಯ ಪ್ರಶ್ನೆಗೆ ಉತ್ತರ ಅವನ ಬಾಯಿಂದಲೇ ಬರಬೇಕು, ಬರುವವರೆಗೆ ಕಾಯಬೇಕು. ಒಳಗಿನ ಕೈವಾರ ಮುರಿದಿದ್ದರೆ ಅದಕ್ಕೆ ಅವನೇ ಹೊಣೆ, ದುಡ್ಡಿಲ್ಲದಿದ್ದರೆ ಕೆಲಸದಿಂದ ತೀರಿಸಲಿ. ಅವನ ಬಳಿ ಒಂದು ಸ್ಕೇಲು ಕೂಡ ಇಲ್ಲವೆಂದು ಆ ಮಾತುಕತೆಯಲ್ಲಿ ಗೊತ್ತಾದರೆ ಅದನ್ನು ಕೊಡಿಸುವ ಹೊಣೆ ಶಾಲೆಯದು. ಇದನ್ನು ಸಡಿಲ ಎನ್ನುವವರು ಒಮ್ಮೆ ಮಾಡಿನೋಡಲಿ. ಎರಡು ಏಟು ತಿಂದು ಕೈ ಒರೆಸಿಕೊಂಡು ಹೋಗುವುದಕ್ಕಿಂತ ತಾನು ಮಾಡಿದ್ದನ್ನು ತಾನೇ ಸರಿಪಡಿಸುವುದು ಮಗುವಿಗೆ ಕಷ್ಟ. ಇಬ್ಬರು ಹೊಡೆದಾಡುತ್ತಿದ್ದರೆ ಮೊದಲು ಬಿಡಿಸಿ ದೂರ ಕೂರಿಸಬೇಕು, ಪ್ರಶ್ನೆ ಆಮೇಲೆ. ಬಿಸಿ ಆರದೆ ಕೇಳಿದ ಪ್ರಶ್ನೆಗೆ ಸುಳ್ಳೇ ಉತ್ತರ. ಮತ್ತು ದಯವಿಟ್ಟು ಆ 'ಸಾರಿ ಹೇಳು ಅವಳಿಗೆ' ಎಂಬ ಶಾಸ್ತ್ರವನ್ನು ಬಿಡೋಣ. ರಾಗವಾಗಿ 'ಸಾ...ರಿ' ಎಂದು ನೆಲ ನೋಡಿಕೊಂಡು ಹೇಳಿ ಓಡುವ ಮಗುವಿಗೂ ಗೊತ್ತು, ಅದು ಬಿಡುಗಡೆಯ ಚೀಟಿ.

ಇಷ್ಟಕ್ಕೆಲ್ಲ ಹೊತ್ತು ಎಲ್ಲಿದೆ ಎಂದು ಶಿಕ್ಷಕರು ಕೇಳುತ್ತಾರೆ. ನನ್ನ ಇಡೀ ವಾದಕ್ಕೆ ಇರುವ ಅತಿ ದೊಡ್ಡ ಆಕ್ಷೇಪಣೆ ಇದೇ, ಇದಕ್ಕೆ ನನ್ನಲ್ಲಿ ಜಾಣ ಉತ್ತರವಿಲ್ಲ. ರಾಜ್ಯದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು ಸಾವಿರಾರು. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬರು ಎಂಬುದು ಕಾಯ್ದೆಯ ಲೆಕ್ಕ. ಆದರೆ ಆ ಒಬ್ಬರು ಹಾಲು, ಮೊಟ್ಟೆ, ರಾಗಿ ಮಾಲ್ಟಿನ ಲೆಕ್ಕ ಬರೆದು, ಸ್ಯಾಟ್ಸ್ ಎಂಬ ಇಲಾಖೆಯ ಆನ್‌ಲೈನ್ ದಾಖಲೆಗೆ ಮಕ್ಕಳ ಮಾಹಿತಿ ತುಂಬಿ, ಚುನಾವಣೆ ಬಂದರೆ ಆ ಕೆಲಸಕ್ಕೂ ಹೋಗಬೇಕು. ಸಾಲದ್ದಕ್ಕೆ ಅವರ ಮೇಲಿನವರು ಅವರ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ನೋಡಿ. ತಪಾಸಣೆಗೆ ಬಂದ ಅಧಿಕಾರಿ ಮಕ್ಕಳ ಎದುರಿಗೇ ಮೇಷ್ಟ್ರನ್ನು ಗದರುತ್ತಾರೆ. ವಾಟ್ಸ್ಯಾಪ್ ಗುಂಪಿನಲ್ಲಿ ಮಾಹಿತಿ ಕಳಿಸದ ಶಾಲೆಗಳ ಪಟ್ಟಿ ಕೆಂಪಕ್ಷರದಲ್ಲಿ ಬರುತ್ತದೆ. ತರಗತಿಯ ಹಲಗೆಯ ಮೇಲಿನ ಪಟ್ಟಿಗೂ ಇದಕ್ಕೂ ಏನು ವ್ಯತ್ಯಾಸ? ಅವಮಾನ ತಿಂದು ಬಂದವರು ಅಕ್ಕರೆ ಹಂಚಬೇಕು ಎಂದು ಅಪೇಕ್ಷಿಸುವುದು, ಬತ್ತಿದ ಬಾವಿಗೆ ಹೊಸ ಹಗ್ಗ ಕೊಂಡಂತೆ. ಶಿಕ್ಷಕರಿಗೆ ಗೌರವ, ಸಾಕಷ್ಟು ಜನ, ಲೆಕ್ಕಪತ್ರದ ಹೊರೆಯಿಂದ ಬಿಡುಗಡೆ ಇವನ್ನು ಕೊಡದೆ ಸಕಾರಾತ್ಮಕ ಶಿಸ್ತಿನ ತರಬೇತಿ ಕೊಡುವುದು ವ್ಯರ್ಥ ಖರ್ಚು. ಹಾಗೆಂದು ಎಲ್ಲವೂ ಸರಿಯಾಗುವವರೆಗೆ ಕಾಯುವಂತೆಯೂ ಇಲ್ಲ. ಪಟ್ಟಿ ಬರೆಸುವುದನ್ನು ನಿಲ್ಲಿಸಲು, ಪಾಳಿ ಹಾಕಲು, ಅಡುಗೆಯವರನ್ನು ಬಹುವಚನದಲ್ಲಿ ಮಾತಾಡಿಸಲು ಯಾವ ಅನುದಾನವೂ ಬೇಡ.

ಉಳಿದದ್ದು ನಮ್ಮ ಪಾಲು. ಸೇರಿಸಲು ಬಂದ ತಂದೆತಾಯಿ ಮಗುವಿನ ಎದುರಿಗೇ 'ಕಣ್ಣೊಂದು ಬಿಟ್ಟು ಎಲ್ಲಿಗಾದ್ರೂ ಬಾರಿಸಿ ಸಾರ್' ಎನ್ನುವ ಅಭ್ಯಾಸ ಇನ್ನೂ ಹೋಗಿಲ್ಲ. ಅದು ಮೇಷ್ಟ್ರ ಮೇಲಿನ ಗೌರವದಿಂದ ಬಂದ ಮಾತೆಂದು ಗೊತ್ತು. ಆದರೆ ಇಲ್ಲಿ ನಿನ್ನ ಪರ ಯಾರೂ ಇಲ್ಲ ಎಂದು ಮಗುವಿಗೆ ಮೊದಲ ದಿನವೇ ಹೇಳಿದಂತಾಯಿತು. 2001ರಿಂದ ನಮ್ಮ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇದೆ, ಪೋಷಕರೇ ಅದರ ಸದಸ್ಯರು. ಅದರ ಸಭೆಯಲ್ಲಿ ಕಾಂಪೌಂಡು, ಬಣ್ಣ, ಧ್ವಜಾರೋಹಣದ ಸಿಹಿಯ ಮಾತು ಮುಗಿದ ಮೇಲೆ, ಈ ತಿಂಗಳು ಯಾವ ಮಗು ಅಳುತ್ತ ಮನೆಗೆ ಹೋಯಿತು, ಯಾಕೆ ಎಂದು ಒಬ್ಬರಾದರೂ ಕೇಳಲಿ. ಬರುವ ಜೂನಿನಲ್ಲಿ ನೀವು ಮಗುವನ್ನು ಯಾವುದೇ ಶಾಲೆಗೆ ಸೇರಿಸಲು ಹೋಗಿ, ಸರ್ಕಾರಿಯೋ ಖಾಸಗಿಯೋ, ಫಲಿತಾಂಶದ ಬೋರ್ಡು ಓದುವ ಮೊದಲು ಮಕ್ಕಳ ಶೌಚಾಲಯ ನೋಡಿ, ಊಟದ ಸಾಲಿನ ಪಕ್ಕ ಸ್ವಲ್ಪ ಹೊತ್ತು ನಿಲ್ಲಿ, ಆಮೇಲೆ ಹೆಡ್ಮಾಸ್ಟರನ್ನು ಒಂದೇ ಪ್ರಶ್ನೆ ಕೇಳಿ: ನನ್ನ ಮಗು ತಪ್ಪು ಮಾಡಿದರೆ ನೀವು ಮೊದಲು ಏನು ಮಾಡುತ್ತೀರಿ?